ರೋಜನಾಮೆಯಲ್ಲಿ ಬರೆಯದ ನಿರಾಕರಣೆ

ಸಿವಿಲ್ ಕೋರ್ಟಿನ ಯಾವ ಕಡತವನ್ನು ಬಿಚ್ಚಿದರೂ ಮೊದಲು ಕೈಗೆ ಸಿಗುವುದು ಆರ್ಡರ್ ಶೀಟು. ಉತ್ತರ ಕನ್ನಡ ಜಿಲ್ಲೆ 1956ರ ತನಕ ಮುಂಬಯಿಗೆ ಸೇರಿದ್ದರಿಂದ, ನಾನು ಕೆಲಸಕ್ಕೆ ಸೇರಿದ ಕಾಲದ ಹಿರಿಯ ಗುಮಾಸ್ತರು ಅದನ್ನು ರೋಜನಾಮೆ ಎಂದೇ ಕರೆಯುತ್ತಿದ್ದರು. ಮುದ್ದತಿನ ದಿನ ಯಾರು ಹಾಜರಿದ್ದರು, ಯಾರು ಸಾವಕಾಶ ಕೇಳಿದರು, ಸಾಹೇಬರು ಏನು ಆದೇಶ ಮಾಡಿದರು, ಮುಂದಿನ ಮುದ್ದತು ಯಾವತ್ತು ಎಂಬುದೆಲ್ಲ ತಾರೀಕು ಸಹಿತ ಅದರಲ್ಲಿ ಬರಬೇಕು. ನನಗೆ ಕೆಲಸ ಕಲಿಸಿದ ಶಿರಸ್ತೇದಾರರು ಮೇಲಿಂದ ಮೇಲೆ ಹೇಳುತ್ತಿದ್ದ ಮಾತೊಂದಿತ್ತು: ಅರ್ಜಿ ವಜಾ ಆದರೆ ಪಕ್ಷಗಾರ ಮೇಲಿನ ಕೋರ್ಟಿಗೆ ಹೋಗುತ್ತಾನೆ, ವಜಾ ಆಯಿತೆಂದು ಬರೆಯದೆ ಬಿಟ್ಟರೆ ಅವನು ಎಲ್ಲಿಗೂ ಹೋಗಲಾರ.

ಬೇರೆ ಬೇರೆ ಊರುಗಳ ಕೋರ್ಟುಗಳಲ್ಲಿ 31 ವರ್ಷ ದುಡಿದು, ಕೊನೆಗೆ ನಾನೂ ಶಿರಸ್ತೇದಾರನಾಗಿ ನಿವೃತ್ತನಾಗಿ, ಈಗ ಕಾರವಾರದಲ್ಲಿ ನೆಲೆಸಿದ್ದೇನೆ. ಅಕ್ಕನ ಮಗಳು ವರ್ಜೀನಿಯಾದಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ಅವಳು ಅಮೆರಿಕದ ಸೆನೆಟ್ಟಿನ ನ್ಯಾಯಾಂಗ ಸಮಿತಿಯ ಸಭೆಯೊಂದನ್ನು ನೇರಪ್ರಸಾರದಲ್ಲಿ ನೋಡುವುದು ಹೇಗೆಂದು ತೋರಿಸಿಕೊಟ್ಟಳು. ಅಂದಿನಿಂದ ಅದು ನನಗೆ ಅಭ್ಯಾಸವಾಗಿದೆ. ವಾಷಿಂಗ್ಟನ್ನಿನ ಬೆಳಗಿನ 10 ಗಂಟೆ ಎಂದರೆ ನಮ್ಮಲ್ಲಿ ಮಳೆಗಾಲದಲ್ಲಿ ಸಂಜೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ನ್ಯಾಯಾಧೀಶರಾಗಲು ಹೆಸರು ಸೂಚಿಸಲ್ಪಟ್ಟವರನ್ನು ಅಲ್ಲಿ ಹೇಗೆ ಪರೀಕ್ಷಿಸುತ್ತಾರೆ, ಹೇಗೆ ಒಪ್ಪುತ್ತಾರೆ, ಅದಕ್ಕಿಂತ ಹೆಚ್ಚಾಗಿ ಹೇಗೆ ಬೇಡವೆನ್ನುತ್ತಾರೆ ಎಂಬುದನ್ನು ನೋಡುತ್ತ ನೋಡುತ್ತ, ನನ್ನ ಶಿರಸ್ತೇದಾರರ ಆ ಮಾತು ಮತ್ತೆ ಮತ್ತೆ ನೆನಪಾಗಿದೆ.

ಅಲ್ಲಿನ ಸಂವಿಧಾನದ ಪ್ರಕಾರ ಫೆಡರಲ್ ನ್ಯಾಯಾಧೀಶರ ಹೆಸರನ್ನು ಅಧ್ಯಕ್ಷರು ಸೂಚಿಸುತ್ತಾರೆ. ಸೆನೆಟ್ಟಿನ ಸಲಹೆ ಮತ್ತು ಸಮ್ಮತಿ ಸಿಕ್ಕ ಮೇಲೆ ನೇಮಕವಾಗುತ್ತದೆ. ನೇಮಕವಾದವರು ಸನ್ನಡತೆ ಇರುವವರೆಗೆ, ಎಂದರೆ ಬದುಕಿರುವವರೆಗೆ ಅಥವಾ ತಾವಾಗಿಯೇ ಬಿಡುವವರೆಗೆ, ಆ ಸ್ಥಾನದಲ್ಲಿರುತ್ತಾರೆ. ಅವರನ್ನು ತೆಗೆಯಲು ಮಹಾಭಿಯೋಗವೊಂದೇ ದಾರಿ. ನಮ್ಮ ಹೈಕೋರ್ಟಿನಲ್ಲಿ 62ಕ್ಕೆ, ಸುಪ್ರೀಂ ಕೋರ್ಟಿನಲ್ಲಿ 65ಕ್ಕೆ ನಿವೃತ್ತಿ ಇರುವಂತೆ ಅಲ್ಲಿ ಇಲ್ಲ. ಜಿಲ್ಲಾ ನ್ಯಾಯಾಲಯ, ಮೇಲ್ಮನವಿಯ ಸರ್ಕ್ಯೂಟ್ ನ್ಯಾಯಾಲಯ, ಸುಪ್ರೀಂ ಕೋರ್ಟು ಎಲ್ಲ ಸೇರಿ ಇಂಥ ಸುಮಾರು 870 ಸ್ಥಾನಗಳಿವೆ. ನಲವತ್ತರ ಹರೆಯದಲ್ಲಿ ಕುಳಿತವರು ಮೂವತ್ತು ನಲವತ್ತು ವರ್ಷ ತೀರ್ಪು ಕೊಡುತ್ತಾರಾದ್ದರಿಂದ, ಒಳಗೆ ಬಿಡುವ ಬಾಗಿಲಿನಲ್ಲಿಯೇ ಪರೀಕ್ಷೆ ಕಠಿಣವಾಗಿರಬೇಕಾಗುತ್ತದೆ.

ಆ ಬಾಗಿಲನ್ನು ಕಾಯುವ ಸಮಿತಿಯ ಪ್ರಸ್ತಾಪವೇ ಸಂವಿಧಾನದಲ್ಲಿಲ್ಲ ಎಂಬುದು ತಿಳಿದಾಗ ನನಗೆ ಆಶ್ಚರ್ಯವಾಯಿತು. ನ್ಯಾಯಾಂಗ ಸಮಿತಿ ಹುಟ್ಟಿದ್ದು 1816ರಲ್ಲಿ. ಅದಕ್ಕೂ ಮೊದಲೇ, 1795ರಲ್ಲಿ, ಮುಖ್ಯ ನ್ಯಾಯಮೂರ್ತಿಯ ಸ್ಥಾನಕ್ಕೆ ಸ್ವತಃ ಜಾರ್ಜ್ ವಾಷಿಂಗ್ಟನ್ ಅವರು ಸೂಚಿಸಿದ್ದ ಜಾನ್ ರಟ್ಲೆಜ್ ಅವರನ್ನು ಸೆನೆಟ್ 14–10 ಮತಗಳಿಂದ ಬೇಡವೆಂದಿತ್ತು. ಅಧಿವೇಶನವಿಲ್ಲದ ಕಾಲದಲ್ಲಿ ನೇಮಕಗೊಂಡು ಆಗಲೇ ಪೀಠದಲ್ಲಿ ಕುಳಿತಿದ್ದವರು ಅವರು. ದೇಶದ ಮೊದಲ ಅಧ್ಯಕ್ಷರ ಮಾತಿಗೇ ಇಲ್ಲವೆಂದು ಹೇಳಿ ಮತ ಎಣಿಸಿ ದಾಖಲೆ ಮಾಡಿದ ಸಭೆ ಅದು. ಸಮಿತಿ ಬಂದ ಮೇಲೆ ಹೆಸರುಗಳು ಮೊದಲು ಅದರ ಮುಂದೆ ಹೋಗುವ ಪದ್ಧತಿ ಬೆಳೆಯಿತು. ಈಗ ಅದರಲ್ಲಿ ಇಪ್ಪತ್ತಕ್ಕಿಂತ ತುಸು ಹೆಚ್ಚು ಸೆನೆಟರುಗಳಿರುತ್ತಾರೆ, ಬಹುಮತವಿರುವ ಪಕ್ಷದವರು ಅಧ್ಯಕ್ಷರಾಗಿರುತ್ತಾರೆ. ಯಾವ ಹೆಸರನ್ನು ಯಾವತ್ತು ಕೈಗೆತ್ತಿಕೊಳ್ಳಬೇಕು ಎಂಬುದು ಆ ಅಧ್ಯಕ್ಷರ ಕೈಯಲ್ಲಿದೆ. ಕೋರ್ಟಿನಲ್ಲಿ ದಿನದ ಬೋರ್ಡನ್ನು ಬರೆಯುವವನಿಗೆ ಎಂಥ ಬಲವಿದೆ ಎಂಬುದನ್ನು ಬಲ್ಲವರಿಗೆ ಈ ಅಧಿಕಾರದ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರು ಸಮಿತಿಗೆ ಬಂದ ಕೂಡಲೇ ವಿಚಾರಣೆ ಆಗುವುದಿಲ್ಲ. ಆ ವ್ಯಕ್ತಿ ದೀರ್ಘವಾದ ಪ್ರಶ್ನಾವಳಿಯೊಂದನ್ನು ತುಂಬಬೇಕು: ಬರೆದ ಲೇಖನಗಳು, ಮಾಡಿದ ಭಾಷಣಗಳು, ನಡೆಸಿದ ಮುಖ್ಯ ಮೊಕದ್ದಮೆಗಳು, ಆಸ್ತಿ, ಸಾಲ, ಸದಸ್ಯತ್ವ ಎಲ್ಲವೂ ಅದರಲ್ಲಿ ಇರಬೇಕು. ಎಫ್‌ಬಿಐನವರು ಹಿನ್ನೆಲೆ ವಿಚಾರಿಸಿ ಗೋಪ್ಯ ವರದಿ ಕೊಡುತ್ತಾರೆ. ಇದರ ಜೊತೆಗೆ ಸಮಿತಿಯಿಂದ ಒಂದು ಚೀಟಿ ಹೊರಡುತ್ತದೆ. ನನ್ನ ಮಟ್ಟಿಗೆ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಗಮನವಿಟ್ಟು ನೋಡಬೇಕಾದದ್ದು ಈ ಚೀಟಿ.

ಅದಕ್ಕೆ ಬ್ಲೂ ಸ್ಲಿಪ್ ಎಂದು ಹೆಸರು. ನಿಜವಾಗಿಯೂ ನೀಲಿ ಬಣ್ಣದ ಕಾಗದ. ನ್ಯಾಯಾಧೀಶರನ್ನು ಯಾವ ರಾಜ್ಯಕ್ಕೆ ನೇಮಿಸಬೇಕೋ ಆ ರಾಜ್ಯದ ಇಬ್ಬರು ಸೆನೆಟರುಗಳಿಗೆ ಸಮಿತಿ ಅದನ್ನು ಕಳಿಸುತ್ತದೆ. ಒಪ್ಪಿಗೆಯೋ ವಿರೋಧವೋ ಎಂದು ಗುರುತು ಹಾಕಿ ಅವರು ತಿರುಗಿ ಕಳಿಸಬೇಕು. ಟೆಕ್ಸಾಸಿನ ಚಾರ್ಲ್ಸ್ ಕಲ್ಬರ್ಸನ್ ಸಮಿತಿಯ ಅಧ್ಯಕ್ಷರಾಗಿದ್ದ ಕಾಲದಲ್ಲಿ, 1917ರ ಸುಮಾರಿಗೆ, ಈ ರೂಢಿ ಶುರುವಾಯಿತು. ಹಳೆಯ ಚೀಟಿಗಳ ಮೇಲೆ, ಒಂದು ವಾರದೊಳಗೆ ಉತ್ತರ ಬಾರದಿದ್ದರೆ ತಮ್ಮ ಆಕ್ಷೇಪವಿಲ್ಲವೆಂದು ಭಾವಿಸಲಾಗುವುದು ಎಂಬರ್ಥದ ಸಾಲು ಅಚ್ಚಾಗಿರುತ್ತಿತ್ತು. ರೂಢಿ ಬೆಳೆದದ್ದು ಇದಕ್ಕೆ ತದ್ವಿರುದ್ಧವಾಗಿ. ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲೆಂಡ್ 1956ರಿಂದ 1978ರವರೆಗೆ ಸಮಿತಿಯ ಅಧ್ಯಕ್ಷರಾಗಿದ್ದರು. ಅವರ ಕಾಲದಲ್ಲಿ ಇಬ್ಬರಲ್ಲಿ ಒಬ್ಬರ ಚೀಟಿ ತಿರುಗಿ ಬಾರದಿದ್ದರೂ ಆ ಹೆಸರು ಅಲ್ಲಿಗೇ ನಿಂತುಬಿಡುತ್ತಿತ್ತು. ದಕ್ಷಿಣದ ರಾಜ್ಯಗಳ ಶಾಲೆಗಳಲ್ಲಿ ವರ್ಣಭೇದ ತೆಗೆಯುವ ಮೊಕದ್ದಮೆಗಳು ಫೆಡರಲ್ ಜಿಲ್ಲಾ ನ್ಯಾಯಾಲಯಗಳಲ್ಲಿ ನಡೆಯುತ್ತಿದ್ದ ಕಾಲ ಅದು. ಈಸ್ಟ್‌ಲೆಂಡ್ ಸ್ವತಃ ವರ್ಣಭೇದದ ಪಕ್ಕಾ ಬೆಂಬಲಿಗರು. ಎಂಥವರು ತಮ್ಮ ರಾಜ್ಯದ ಪೀಠದಲ್ಲಿ ಕೂಡ್ರಬಾರದು ಎಂಬುದನ್ನು ಅಲ್ಲಿನ ಸೆನೆಟರೊಬ್ಬರು ಒಂದು ಮಾತನ್ನೂ ಆಡದೆ, ಒಂದು ಭಾಷಣವನ್ನೂ ಮಾಡದೆ, ಚೀಟಿಯನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡೇ ತೀರ್ಮಾನಿಸಬಹುದಿತ್ತು.

ಆಮೇಲೆ ಬಂದ ಸಮಿತಿಯ ಅಧ್ಯಕ್ಷರು ಒಬ್ಬೊಬ್ಬರು ಒಂದೊಂದು ರೀತಿ ನಡೆದುಕೊಂಡರು. ಎಡ್ವರ್ಡ್ ಕೆನಡಿ ಅದರ ಬಿಗಿಯನ್ನು ಸಡಿಲಿಸಿದರು, ಪ್ಯಾಟ್ರಿಕ್ ಲೇಹಿ ಮತ್ತೆ ಕಟ್ಟುನಿಟ್ಟು ಮಾಡಿದರು. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಚಕ್ ಗ್ರಾಸ್ಲಿ ಅವರು ಸರ್ಕ್ಯೂಟ್ ನ್ಯಾಯಾಲಯಗಳ ಹೆಸರುಗಳನ್ನು ಚೀಟಿ ಬಾರದಿದ್ದರೂ ವಿಚಾರಣೆಗೆ ತೆಗೆದುಕೊಂಡರು. ನಂತರದವರು, ಬೇರೆ ಪಕ್ಷದವರೂ ಸೇರಿ, ಅದನ್ನೇ ಮುಂದುವರಿಸಿದರು. ಜಿಲ್ಲಾ ನ್ಯಾಯಾಲಯಗಳ ಮಟ್ಟಿಗೆ ಮಾತ್ರ ನೀಲಿ ಚೀಟಿಯ ಬಲ ಇಂದಿಗೂ ಉಳಿದಿದೆ. ಸ್ಥಳೀಯರನ್ನು ಬಲ್ಲ ಇಬ್ಬರನ್ನು ಕೇಳಿಕೊಂಡು ಮುಂದುವರಿಯುವುದರಲ್ಲಿ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರವಾರಕ್ಕೆ ಬರುವವರು ಹೇಗಿರಬೇಕೆಂದು ಕಾರವಾರವನ್ನು ಬಲ್ಲವರನ್ನು ಕೇಳಿದರೆ ಒಳ್ಳೆಯದೇ. ವಿರೋಧವೆಂದು ಗುರುತು ಹಾಕಿ, ಕೆಳಗೆ ಕಾರಣ ಬರೆದು, ಸಹಿ ಮಾಡಿ ಕಳಿಸುವುದಕ್ಕೂ, ಏನನ್ನೂ ಬರೆಯದೆ ಇಟ್ಟುಕೊಳ್ಳುವುದಕ್ಕೂ ಒಂದೇ ಬಲವನ್ನು ಕೊಟ್ಟಿರುವುದು ಮಾತ್ರ ನನಗೆ ಯಾವತ್ತೂ ಸರಿ ಕಂಡಿಲ್ಲ.

ವಿಚಾರಣೆ ಸಾಮಾನ್ಯವಾಗಿ ಬುಧವಾರ. ಡರ್ಕ್‌ಸನ್ ಕಟ್ಟಡದ 226ನೆಯ ಕೊಠಡಿಯಲ್ಲಿ ಸೆನೆಟರುಗಳು ಎತ್ತರದ ಸಾಲಿನಲ್ಲಿ ಕೂತಿರುತ್ತಾರೆ, ಕೆಳಗೆ ಬಟ್ಟೆ ಹೊದಿಸಿದ ಮೇಜಿನ ಹಿಂದೆ ಹೆಸರು ಸೂಚಿತರಾದವರು. ಸರ್ಕ್ಯೂಟ್ ನ್ಯಾಯಾಲಯಕ್ಕಾದರೆ ಒಬ್ಬರೇ, ಜಿಲ್ಲಾ ನ್ಯಾಯಾಲಯಕ್ಕಾದರೆ ನಾಲ್ಕೈದು ಮಂದಿ ಸಾಲಾಗಿ. ಅವರು ನಿಂತು ಬಲಗೈ ಎತ್ತಿ ಪ್ರಮಾಣ ಮಾಡುತ್ತಾರೆ. ಬೆನ್ನ ಹಿಂದಿನ ಕುರ್ಚಿಗಳಲ್ಲಿ ಹೆಂಡತಿ ಅಥವಾ ಗಂಡ, ತಾಯಿ ತಂದೆ, ಮಕ್ಕಳು. ಒಬ್ಬೊಬ್ಬ ಸೆನೆಟರಿಗೆ ಸಾಧಾರಣವಾಗಿ ಐದು ನಿಮಿಷ. ಸಾಕ್ಷಿ ಕಟಕಟೆಯನ್ನು ದಿನವೂ ಹತ್ತಿರದಿಂದ ನೋಡಿದವನಾದ್ದರಿಂದ ನನ್ನ ಕಣ್ಣು ಉತ್ತರಕ್ಕಿಂತ ಮೊದಲು ಕೈಯ ಕಡೆಗೆ ಹೋಗುತ್ತದೆ: ನೀರಿನ ಲೋಟವನ್ನು ಎತ್ತಿ ಕುಡಿಯದೆ ಹಾಗೆಯೇ ಇಡುವವರಿದ್ದಾರೆ, ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುವವರಿದ್ದಾರೆ. 2017ರ ಡಿಸೆಂಬರಿನಲ್ಲಿ ಲೂಸಿಯಾನಾದ ಸೆನೆಟರ್ ಜಾನ್ ಕೆನಡಿ ಅವರು ಮ್ಯಾಥ್ಯೂ ಪೀಟರ್ಸನ್ ಎಂಬವರನ್ನು ಕೇಳಿದ ಪ್ರಶ್ನೆಗಳು ತೀರ ಸಾದಾ ಪ್ರಶ್ನೆಗಳು: ನೀವು ಎಂದಾದರೂ ಮೊಕದ್ದಮೆ ನಡೆಸಿದ್ದೀರಾ, ಜ್ಯೂರಿಯ ಮುಂದೆ ವಾದಿಸಿದ್ದೀರಾ, ವಿಚಾರಣೆಗೆ ಮೊದಲು ಸಾಕ್ಷ್ಯವನ್ನು ಹೊರಗಿಡುವಂತೆ ಹಾಕುವ ಅರ್ಜಿ ಎಂದರೇನು. ಉತ್ತರಗಳು ಬರಲಿಲ್ಲ. ಸಮಿತಿ ಮತ ಹಾಕುವ ಅಗತ್ಯವೇ ಬೀಳಲಿಲ್ಲ, ಕೆಲವೇ ದಿನಗಳಲ್ಲಿ ಅವರು ಹಿಂದೆ ಸರಿದರು. ಹೆಸರು ಸೂಚಿಸಿದ ಅಧ್ಯಕ್ಷರ ಪಕ್ಷದವರೇ ಆ ಪ್ರಶ್ನೆಗಳನ್ನು ಕೇಳಿದ್ದರು ಎಂಬುದನ್ನು ನಾನು ಇಲ್ಲಿ ಹೇಳಲೇಬೇಕು.

ಮತದಾನದ ಸಭೆ ಸಾಮಾನ್ಯವಾಗಿ ಗುರುವಾರ. ಮೊದಲ ಸಲ ಪಟ್ಟಿಗೆ ಬಂದ ಹೆಸರನ್ನು ಯಾವುದೇ ಸದಸ್ಯರು ಒಂದು ವಾರ ಮುಂದೂಡುವಂತೆ ಕೇಳಬಹುದು, ಅದೂ ಒಂದು ಮುದ್ದತು. ಆ ಮೇಲೆ ಸಮಿತಿಯ ಮುಂದೆ ನಾಲ್ಕು ದಾರಿಗಳಿವೆ. ಶಿಫಾರಸಿನೊಂದಿಗೆ ಸೆನೆಟ್ಟಿಗೆ ಕಳಿಸಬಹುದು, ಇವರು ಬೇಡವೆಂಬ ಅಭಿಪ್ರಾಯದೊಂದಿಗೆ ಕಳಿಸಬಹುದು, ಏನೂ ಅಭಿಪ್ರಾಯ ಹೇಳದೆ ಕಳಿಸಬಹುದು, ಇಲ್ಲವೇ ಏನೂ ಮಾಡದೆ ಇಟ್ಟುಕೊಳ್ಳಬಹುದು. ಕೊನೆಯದನ್ನು ಆರಿಸಿಕೊಂಡರೆ ಯಾರೂ ಮತ ಹಾಕಬೇಕಾಗಿಲ್ಲ. ಅಧಿವೇಶನ ಮುಗಿಯುವಾಗ ಸೆನೆಟ್ಟಿನ 31ನೆಯ ನಿಯಮದಂತೆ, ತೀರ್ಮಾನವಾಗದೆ ಉಳಿದ ಹೆಸರುಗಳು ದೇಶದ ಅಧ್ಯಕ್ಷರಿಗೆ ತಿರುಗಿ ಹೋಗುತ್ತವೆ. ಬೇಡವೆಂದವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರುವುದಿಲ್ಲ.

ಎದುರಿಗೆ ನಿಂತು ಬೇಡವೆಂದರೆ ಏನಾಗುತ್ತದೆ ಎಂಬುದಕ್ಕೆ 1986ರ ಒಂದು ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಅಲಬಾಮಾದ ಮೊಬೀಲ್ ನಗರದಲ್ಲಿ ಫೆಡರಲ್ ಸರ್ಕಾರಿ ವಕೀಲರಾಗಿದ್ದ 39 ವರ್ಷದ ಜೆಫ್ ಸೆಷನ್ಸ್ ಅವರ ಹೆಸರನ್ನು ಅಧ್ಯಕ್ಷ ರೇಗನ್ ಜಿಲ್ಲಾ ನ್ಯಾಯಾಲಯಕ್ಕೆ ಸೂಚಿಸಿದರು. ಸಮಿತಿಯಲ್ಲಿ ರೇಗನ್ ಅವರ ರಿಪಬ್ಲಿಕನ್ ಪಕ್ಷಕ್ಕೆ 10–8ರ ಬಹುಮತವಿತ್ತು, ದಾರಿ ಸುಗಮವಾಗಿರಬೇಕಿತ್ತು. ವಿಚಾರಣೆಯಲ್ಲಿ ಎರಡು ಸಂಗತಿಗಳು ಬಂದವು. ಒಂದು, ಸಹೋದ್ಯೋಗಿಗಳ ಎದುರು ಅವರು ಕಪ್ಪು ಜನರ ಬಗ್ಗೆ, ನಾಗರಿಕ ಹಕ್ಕುಗಳ ಸಂಘಟನೆಗಳ ಬಗ್ಗೆ ಆಡಿದ್ದರೆನ್ನಲಾದ ಮಾತುಗಳು. ಇನ್ನೊಂದು, ಕಪ್ಪು ಮತದಾರರನ್ನು ಸಂಘಟಿಸುತ್ತಿದ್ದ ಮೂವರ ಮೇಲೆ ಮತಪತ್ರದ ಅಕ್ರಮದ ಆರೋಪ ಹೊರಿಸಿ ಅವರು ನಡೆಸಿದ ಮೊಕದ್ದಮೆ. 1985ರಲ್ಲಿ ಜ್ಯೂರಿ ಆ ಮೂವರನ್ನೂ ಖುಲಾಸೆ ಮಾಡಿತ್ತು. ಮಾರ್ಟಿನ್ ಲೂಥರ್ ಕಿಂಗ್ ಅವರ ಪತ್ನಿ ಕೊರೆಟಾ ಸ್ಕಾಟ್ ಕಿಂಗ್ ಈ ನೇಮಕವನ್ನು ವಿರೋಧಿಸಿ ಸಮಿತಿಗೆ ಪತ್ರ ಬರೆದರು. ಸೆಷನ್ಸ್ ತಮ್ಮ ಮೇಲಿನ ಆರೋಪಗಳಿಗೆ ಕುಳಿತು ಉತ್ತರ ಕೊಟ್ಟರು, ತಾವು ವರ್ಣದ್ವೇಷಿಯಲ್ಲ ಎಂದರು.

ಜೂನ್ ತಿಂಗಳಲ್ಲಿ ಮತಕ್ಕೆ ಹಾಕಿದಾಗ 10–8ರಿಂದ ಶಿಫಾರಸು ಬಿದ್ದುಹೋಯಿತು. ರಿಪಬ್ಲಿಕನ್ ಪಕ್ಷದ ಇಬ್ಬರು, ಆರ್ಲೆನ್ ಸ್ಪೆಕ್ಟರ್ ಮತ್ತು ಚಾರ್ಲ್ಸ್ ಮಥಾಯಸ್, ವಿರೋಧವಾಗಿ ಮತ ಹಾಕಿದ್ದರು. ಅಭಿಪ್ರಾಯವಿಲ್ಲದೆ ಕಳಿಸೋಣ ಎಂಬ ಎರಡನೆಯ ಪ್ರಸ್ತಾವವೂ 9–9ರ ಸಮಬಲದಲ್ಲಿ ಸೋತಿತು. ನನ್ನ ಮನಸ್ಸನ್ನು ತಟ್ಟಿದ್ದು ಹೋವೆಲ್ ಹೆಫ್ಲಿನ್ ಅವರ ಮತ. ಅವರು ಅಲಬಾಮಾದವರೇ ಆದ ಸೆನೆಟರ್, ಆ ರಾಜ್ಯದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ತಮ್ಮ ಊರಿನ ಹುಡುಗನನ್ನು ಎತ್ತಿ ಹಿಡಿಯಬೇಕೆಂಬ ಒತ್ತಡ ಅವರ ಮೇಲೆ ಎಷ್ಟಿದ್ದಿರಬೇಕು ಎಂಬುದು ಸಣ್ಣ ಊರಿನಲ್ಲಿ ಬಾಳಿದವರಿಗೆಲ್ಲ ಗೊತ್ತು. ಈ ವ್ಯಕ್ತಿ ನಿಷ್ಪಕ್ಷಪಾತವಾಗಿ ಇರಬಲ್ಲರೇ ಎಂಬುದರಲ್ಲಿ ತಮಗೆ ಸಂದೇಹ ಉಳಿದಿದೆ ಎಂದು ಹೇಳಿ ಅವರು ವಿರೋಧವಾಗಿ ಮತ ಹಾಕಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹತ್ತು ವರ್ಷಗಳ ಮೇಲೆ ಹೆಫ್ಲಿನ್ ನಿವೃತ್ತರಾದಾಗ ಅದೇ ಸ್ಥಾನಕ್ಕೆ ಚುನಾವಣೆಗೆ ನಿಂತು ಗೆದ್ದವರು ಸೆಷನ್ಸ್. 1997ರಿಂದ ಅವರು ಸೆನೆಟರಾಗಿ ಇದೇ ನ್ಯಾಯಾಂಗ ಸಮಿತಿಯಲ್ಲಿ ಕುಳಿತರು, ತಮ್ಮನ್ನು ಬೇಡವೆಂದ ಮೇಜಿನ ಮೇಲಿನ ಸಾಲಿನಿಂದ ಬೇರೆಯವರನ್ನು ಪ್ರಶ್ನಿಸಿದರು, 2009ರಲ್ಲಿ ಸಮಿತಿಯಲ್ಲಿ ತಮ್ಮ ಪಕ್ಷದ ಹಿರಿಯ ಸದಸ್ಯರಾದರು, 2017ರಲ್ಲಿ ಅಟಾರ್ನಿ ಜನರಲ್ ಆದರು. ಅವರ ಸಲುವಾಗಿ ಮತ ಹಾಕದಿದ್ದುದಕ್ಕೆ ಸ್ಪೆಕ್ಟರ್ ಆಮೇಲೆ ವಿಷಾದ ವ್ಯಕ್ತಪಡಿಸಿದರು. ಯಾರು ಸರಿ ಎಂಬುದರ ಬಗ್ಗೆ ಓದುಗರು ತಮ್ಮ ತಮ್ಮ ತೀರ್ಮಾನಕ್ಕೆ ಬರಬಹುದು. ನನಗೆ ಹೆಫ್ಲಿನ್ ಅವರ ಸಂದೇಹವೇ ಸರಿಯೆನಿಸುತ್ತದೆ. ಆದರೆ ಸಂದೇಹ ಪಟ್ಟವರಿಗೂ, ಸಂದೇಹಕ್ಕೆ ಒಳಗಾದವರಿಗೂ, ಮತ ಹಾಕಿ ವಿಷಾದಿಸಿದವರಿಗೂ ವರ್ಷಗಳ ಮೇಲೆ ಹಿಡಿದು ಮಾತಾಡಲು ಒಂದು ದಾಖಲೆ ಇತ್ತು. ಹೆಸರಿದೆ, ಮತವಿದೆ, ಮಾತಿದೆ.

1987ರ ರಾಬರ್ಟ್ ಬೋರ್ಕ್ ಅವರ ಪ್ರಸಂಗ ಹೆಚ್ಚು ಪ್ರಸಿದ್ಧವಾದದ್ದು, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಸುಪ್ರೀಂ ಕೋರ್ಟಿಗೆ ಸೂಚಿತರಾಗಿದ್ದ ಅವರು ಐದು ದಿನ ಸಮಿತಿಯ ಮುಂದೆ ಕುಳಿತು ಖಾಸಗಿತನ, ಸಮಾನತೆ, ಸಂವಿಧಾನವನ್ನು ಓದುವ ಬಗೆ ಮುಂತಾದವುಗಳ ಬಗ್ಗೆ ತಮ್ಮ ನಿಲುವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಜೋ ಬೈಡನ್ ಅಧ್ಯಕ್ಷತೆಯ ಸಮಿತಿ 9–5ರಿಂದ, ಇವರು ಬೇಡವೆಂಬ ಅಭಿಪ್ರಾಯದೊಂದಿಗೆ ಹೆಸರನ್ನು ಸೆನೆಟ್ಟಿಗೆ ಕಳಿಸಿತು. ಸೋಲು ಖಚಿತವೆಂದು ತಿಳಿದೂ ಬೋರ್ಕ್ ಹಿಂದೆ ಸರಿಯಲಿಲ್ಲ, ಪೂರ್ಣ ಚರ್ಚೆಯಾಗಿ ಕೊನೆಯ ತೀರ್ಮಾನ ಆಗಲಿ ಎಂದು ಪಟ್ಟು ಹಿಡಿದರು. ಅಕ್ಟೋಬರ್ 23ರಂದು 58–42ರಿಂದ ಸೋತರು. ಅವರ ವಿರುದ್ಧ ನಡೆದ ಪ್ರಚಾರದಲ್ಲಿ ಅತಿರೇಕವಿತ್ತು ಎಂದು ನನಗನಿಸುತ್ತದೆ, ಅವರ ಅನೇಕ ನಿಲುವುಗಳು ನನಗೆ ಒಪ್ಪಿಗೆಯಾಗುವುದಿಲ್ಲ, ಆದರೂ ಮತವಾಗಲಿ ಎಂದು ಕೇಳಿದ ಆ ಹಟಕ್ಕೆ ನಾನು ಗೌರವ ಕೊಡುತ್ತೇನೆ.

ರಾನಿ ವೈಟ್ ಅವರದು ಇನ್ನೊಂದು ಬಗೆ. ಮಿಸ್ಸೌರಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಅವರ ಹೆಸರನ್ನು ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಸಮಿತಿ ಒಪ್ಪಿ ಕಳಿಸಿತ್ತು. ಅವರದೇ ರಾಜ್ಯದ ಸೆನೆಟರ್ ಜಾನ್ ಆಶ್‌ಕ್ರಾಫ್ಟ್ ವಿರೋಧದ ಮುಂದಾಳಾದರು, ವೈಟ್ ಅಪರಾಧಿಗಳ ಬಗ್ಗೆ ಮೃದು ಎಂದು ಆರೋಪಿಸಿದರು. 1999ರ ಅಕ್ಟೋಬರಿನಲ್ಲಿ ಸೆನೆಟ್ 54–45ರಿಂದ ಅವರನ್ನು ತಿರಸ್ಕರಿಸಿತು. 2001ರ ಜನವರಿಯಲ್ಲಿ ಆಶ್‌ಕ್ರಾಫ್ಟ್ ತಾವೇ ಅಟಾರ್ನಿ ಜನರಲ್ ಸ್ಥಾನಕ್ಕೆ ಸೂಚಿತರಾಗಿ ಅದೇ ನ್ಯಾಯಾಂಗ ಸಮಿತಿಯ ಮುಂದೆ ಬಂದಾಗ, ವೈಟ್ ಸಾಕ್ಷಿಯಾಗಿ ಬಂದು ಕುಳಿತು ತಮ್ಮ ತೀರ್ಪುಗಳನ್ನು ಹೇಗೆ ತಿರುಚಿ ಹೇಳಲಾಗಿತ್ತು ಎಂಬುದನ್ನು ವಿವರಿಸಿದರು. 2014ರಲ್ಲಿ ಒಬಾಮಾ ಅವರು ಅದೇ ನ್ಯಾಯಾಲಯಕ್ಕೆ ಅವರ ಹೆಸರನ್ನು ಮತ್ತೆ ಕಳಿಸಿದಾಗ 53–44ರಿಂದ ಒಪ್ಪಿಗೆ ಸಿಕ್ಕಿತು. ಹದಿನೈದು ವರ್ಷ ತಡವಾಯಿತು, ಅನ್ಯಾಯವೂ ಆಯಿತು. ಆದರೆ ಆರೋಪ ಎದುರಿಗಿದ್ದುದರಿಂದ ಉತ್ತರಕ್ಕೆ ಜಾಗವಿತ್ತು.

ಮೆರಿಕ್ ಗಾರ್ಲೆಂಡ್ ಅವರಿಗೆ ಆ ಜಾಗ ಸಿಗಲಿಲ್ಲ. 2016ರ ಫೆಬ್ರುವರಿ 13ರಂದು ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ ತೀರಿಕೊಂಡರು. ಹತ್ತು ದಿನಗಳಲ್ಲಿ ಸಮಿತಿಯ ರಿಪಬ್ಲಿಕನ್ ಸದಸ್ಯರು 11 ಮಂದಿಯೂ ಒಂದು ಪತ್ರಕ್ಕೆ ಸಹಿ ಹಾಕಿ, ಹೊಸ ಅಧ್ಯಕ್ಷರು ಬರುವ ತನಕ ಯಾರ ಹೆಸರು ಬಂದರೂ ವಿಚಾರಣೆ ನಡೆಸುವುದಿಲ್ಲ ಎಂದರು. ಆಗ ಇನ್ನೂ ಯಾರ ಹೆಸರೂ ಬಂದಿರಲಿಲ್ಲ. ಮಾರ್ಚ್ 16ರಂದು ಒಬಾಮಾ ಅವರು ಗಾರ್ಲೆಂಡ್ ಹೆಸರನ್ನು ಕಳಿಸಿದರು. ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದವರ ಆ ಹೆಸರು 293 ದಿನ ಸಮಿತಿಯಲ್ಲಿ ಕೂತಿತ್ತು. ಒಂದು ಪ್ರಶ್ನೆ ಕೇಳಲಿಲ್ಲ, ಒಂದು ಮತ ಬೀಳಲಿಲ್ಲ, 2017ರ ಜನವರಿ 3ರಂದು ತಾನಾಗಿಯೇ ಅಳಿಯಿತು. ಸಮಿತಿಗೆ ಅವರು ಬೇಡವಾಗಿದ್ದರೆ ಕರೆಸಿ, ಕೇಳಿ, 11–9ರಿಂದ ಬೇಡವೆನ್ನುವಷ್ಟು ಬಲ ಅದರ ಬಳಿ ಇತ್ತು. ಇದ್ದ ಬಲವನ್ನು ಬಳಸದೆ ಬಾಗಿಲು ಮುಚ್ಚಿದ್ದು ನನ್ನ ದೃಷ್ಟಿಯಲ್ಲಿ ನಿರಾಕರಣೆಗಿಂತ ಕಠೋರವಾದದ್ದು.

ದೂರದ ದೇಶದ ಈ ಸಂಗತಿಗಳನ್ನು ಕಾರವಾರದಲ್ಲಿ ಕುಳಿತು ಇಷ್ಟು ಹಚ್ಚಿಕೊಳ್ಳಲು ಕಾರಣ ನಮ್ಮದೇ ಕಡತಗಳು. ನಾನು ಸಂಜೆ ಅಡ್ಡಾಡಲು ಹೋಗುವ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ, ಏಕೆಂದರೆ 1880ರ ದಶಕದ ಮೊದಲಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ತಮ್ಮ ಬಂದು ಅವರ ಮನೆಯಲ್ಲಿ ಉಳಿದಿದ್ದರು. ಐಸಿಎಸ್ ಪರೀಕ್ಷೆ ಗೆದ್ದ ಮೊದಲ ಭಾರತೀಯರು ಸತ್ಯೇಂದ್ರನಾಥರು. ಅವರನ್ನು ಆರಿಸಿದ್ದು ಲಂಡನ್ನಿನಲ್ಲಿ. ಅವರು ಬರಬೇಕೋ ಬೇಡವೋ ಎಂದು ಕಾರವಾರದವರನ್ನು ಕೇಳುವ ಮಾತೇ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆಯೂ ಮೇಲಿನ ನ್ಯಾಯಾಲಯಗಳ ನೇಮಕವನ್ನು ನಮ್ಮ ಶಾಸನಸಭೆಗಳು ಪರೀಕ್ಷಿಸುವ ಪದ್ಧತಿ ಬರಲಿಲ್ಲ. 1973ರಲ್ಲಿ ನಮ್ಮ ಕರಾವಳಿಯವರೇ ಆದ ಕೆ. ಎಸ್. ಹೆಗ್ಡೆ ಅವರೂ ಸೇರಿ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬಿಟ್ಟು ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ, ಸರ್ಕಾರ ತನ್ನ ಕಾರಣಗಳನ್ನು ಲೋಕಸಭೆಯಲ್ಲಿ ಹೇಳಿದ್ದು ನೇಮಕ ಆದ ಮೇಲೆ. ಮೂವರೂ ರಾಜೀನಾಮೆ ಕೊಟ್ಟರು. ಆ ಗಾಯದ ನೆನಪಿನಿಂದಲೇ 1993ರ ತೀರ್ಪು ಬಂದು, ಹಿರಿಯ ನ್ಯಾಯಮೂರ್ತಿಗಳೇ ಸೇರಿ ಹೆಸರು ಸೂಚಿಸುವ ಕೊಲಿಜಿಯಂ ಬೆಳೆಯಿತು. ಅದರ ಬದಲಿಗೆ ತಂದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟು 2015ರ ಅಕ್ಟೋಬರಿನಲ್ಲಿ 4–1ರಿಂದ ರದ್ದು ಮಾಡಿತು.

ಅಮೆರಿಕದ ಸಮಿತಿಯನ್ನು ಇಲ್ಲಿಗೆ ತರಬೇಕೆಂದು ನಾನು ಹೇಳುವುದಿಲ್ಲ. ಪಕ್ಷದ ಗೆರೆಯ ಮೇಲೆ ಮತ ಎಣಿಸುವ ಆಟ ನ್ಯಾಯಾಧೀಶರಿಗೆ ಪಕ್ಷದ ಬಣ್ಣವನ್ನೇ ಬಳಿದುಬಿಡುತ್ತದೆ ಎಂಬ ಭಯ ನನಗೂ ಇದೆ. ನಮ್ಮ ದಾರಿಯಲ್ಲಿಯೇ ಒಳ್ಳೆಯ ಉದಾಹರಣೆಯೊಂದಿದೆ. 2018ರ ಜನವರಿಯಲ್ಲಿ ಕೊಲಿಜಿಯಂ ಸೂಚಿಸಿದ್ದ ಕೆ. ಎಂ. ಜೋಸೆಫ್ ಅವರ ಹೆಸರನ್ನು ಕೇಂದ್ರ ಸರ್ಕಾರ ಏಪ್ರಿಲ್‌ನಲ್ಲಿ ಕಾರಣ ಬರೆದು ತಿರುಗಿ ಕಳಿಸಿತು. ಆ ಕಾರಣಗಳು ನನಗೆ ಒಪ್ಪಿಗೆಯಾಗಿರಲಿಲ್ಲ, ಆದರೆ ಅವು ಕಾಗದದ ಮೇಲಿದ್ದವು. ಕೊಲಿಜಿಯಂ ಉತ್ತರ ಕೊಟ್ಟು ಹೆಸರನ್ನು ಮತ್ತೆ ಕಳಿಸಿತು, ಆಗಸ್ಟಿನಲ್ಲಿ ಅವರು ಸುಪ್ರೀಂ ಕೋರ್ಟಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ನನ್ನ ಚಿಂತೆಯೆಲ್ಲ ತಿರುಗಿಯೂ ಬಾರದ, ಮುಂದಕ್ಕೂ ಹೋಗದ ಹೆಸರುಗಳದು.

ಅಂಥ ಒಂದು ಹೆಸರನ್ನು ನಾನು ಹತ್ತಿರದಿಂದ ಬಲ್ಲೆ. ವಕೀಲರು, ನನಗಿಂತ ಹತ್ತು ವರ್ಷ ಕಿರಿಯರು, ಅವರು ಸನದು ಪಡೆದ ಹೊಸತರಲ್ಲಿ ನಮ್ಮ ಕೋರ್ಟಿನಲ್ಲಿ ವಕಾಲತ್ತು ಹಾಕಲು ಬಂದ ದಿನದಿಂದ ಪರಿಚಯ. ನ್ಯಾಯಮೂರ್ತಿ ಸ್ಥಾನಕ್ಕೆ ಅವರ ಹೆಸರು ಹೋಗಿದೆ ಎಂಬ ಸುದ್ದಿ ಬಂದಾಗ ಊರಲ್ಲಿ ಹಬ್ಬವೇ ಆಯಿತು. ಅವರ ತಾಯಿ ಅಕ್ಕಪಕ್ಕದ ಮನೆಗಳಿಗೆಲ್ಲ ಸಿಹಿ ಹಂಚಿದರು. ಆರು ತಿಂಗಳಲ್ಲಿ ಬದಲಾವಣೆ ಕಾಣತೊಡಗಿತು. ಇವರು ನಾಳೆಯೋ ನಾಡಿದ್ದೋ ಪೀಠಕ್ಕೆ ಹೋಗುವವರು, ಇವರಿಗೆ ಹೊಸ ಕೇಸು ಕೊಟ್ಟರೆ ನಡುವೆ ವಕೀಲರನ್ನು ಬದಲಿಸಬೇಕಾದೀತು ಎಂದು ಪಕ್ಷಗಾರರು ಬೇರೆ ಕಡೆ ಹೋದರು. ಕಚೇರಿಯಲ್ಲಿದ್ದ ಇಬ್ಬರು ಜೂನಿಯರುಗಳು ತಮ್ಮ ದಾರಿ ನೋಡಿಕೊಂಡರು. ಕಡತ ಯಾವ ಮೇಜಿನ ಮೇಲೆ ನಿಂತಿದೆ, ಯಾರ ಆಕ್ಷೇಪ, ಯಾವ ಕಾರಣ ಎಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ. ಎರಡು ವರ್ಷ ಕಳೆದ ಮೇಲೆ ಅವರು ತಮ್ಮ ಒಪ್ಪಿಗೆಯನ್ನು ಹಿಂದಕ್ಕೆ ಪಡೆದು ಪತ್ರ ಬರೆದರು. ಅದಕ್ಕೂ ಉತ್ತರ ಬರಲಿಲ್ಲ. ಊರಿನವರು ಏನೇನೋ ಕಾರಣಗಳನ್ನು ತಾವೇ ಕಟ್ಟಿಕೊಂಡರು, ಅವುಗಳಲ್ಲಿ ಒಂದೂ ಅವರ ಗೌರವಕ್ಕೆ ತಕ್ಕದ್ದಾಗಿರಲಿಲ್ಲ, ಒಂದಕ್ಕೂ ಉತ್ತರ ಕೊಡುವಂತಿರಲಿಲ್ಲ.

ಕಳೆದ ಮಳೆಗಾಲದ ಒಂದು ಗುರುವಾರ ಸಂಜೆ ಅವರು ನಮ್ಮ ಮನೆಗೆ ಬಂದಿದ್ದರು. ಜೋರು ಮಳೆ, ಕರೆಂಟು ಹೋಗಿತ್ತು. ನನ್ನ ಮೊಬೈಲಿನಲ್ಲಿ ಸಮಿತಿಯ ಹಳೆಯ ಸಭೆಯೊಂದರ ಮತದಾನವನ್ನು ತೋರಿಸಿದೆ. ಸಮಿತಿಯ ಗುಮಾಸ್ತೆ ಒಂದೊಂದೇ ಹೆಸರು ಕೂಗುತ್ತಾರೆ, ಕೋರ್ಟಿನಲ್ಲಿ ಪುಕಾರು ಹಾಕಿದಂತೆ. ಹೆಸರು ಕೂಗಿದವರು ಐ ಎಂದೋ ನೋ ಎಂದೋ ಹೇಳುತ್ತಾರೆ. ಬಾರದಿದ್ದವರ ಮತವನ್ನು ಅವರ ಪರವಾಗಿ ಇನ್ನೊಬ್ಬರು ಓದಿ ಹೇಳುತ್ತಾರೆ. ಕೊನೆಗೆ ಅಧ್ಯಕ್ಷರ ಹೆಸರು, ಆಮೇಲೆ ಎಣಿಕೆ. ಎಲ್ಲ ಸೇರಿ ಎರಡು ಮೂರು ನಿಮಿಷದ ಕೆಲಸ. ಅವರು ಮೇಜಿನ ಮೇಲಿದ್ದ ದಿನಪತ್ರಿಕೆಯನ್ನು ಹತ್ತಿರ ಎಳೆದುಕೊಂಡು, ಅಂಚಿನ ಖಾಲಿ ಜಾಗದಲ್ಲಿ ಎರಡು ಸಾಲು ಮಾಡಿ, ಒಂದೊಂದು ಮತಕ್ಕೂ ಒಂದೊಂದು ಗೀಟು ಹಾಕುತ್ತ ಹೋದರು. ನೋ ಎಂಬ ಸಾಲಿನ ಪಕ್ಕದಲ್ಲಿ ಹೇಳಿದವರ ಹೆಸರುಗಳನ್ನೂ ಬರೆಯತೊಡಗಿದ್ದರು, ಎರಡು ಹೆಸರು ತಪ್ಪಿಹೋದವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲಿಂದ ಇನ್ನೊಮ್ಮೆ ಹಾಕುವಂತೆ ಕೇಳಿದರು.